ಐದು ಲಕ್ಷ ಪತಂಗಗಳು, ಒಂದು ವಾಸನೆ

ದಕ್ಷಿಣ ಫ್ರಾನ್ಸಿನಲ್ಲಿ ಕೀಟಗಳ ಹಿಂದೆಯೇ ಆಯುಷ್ಯ ಕಳೆದ ಜಾನ್ ಆನ್ರಿ ಫಾಬ್ರ್ ಅವರ ಕೋಣೆಯಲ್ಲಿ, ಮೇ ತಿಂಗಳ ಒಂದು ಬೆಳಿಗ್ಗೆ, ದೊಡ್ಡ ಹೆಣ್ಣು ಪತಂಗವೊಂದು ಗೂಡಿನಿಂದ ಹೊರಬಂತು. ಅದನ್ನು ತಂತಿ ಬಲೆಯಡಿ ಇಟ್ಟರು. ಅಂದು ರಾತ್ರಿಯೇ ಸುಮಾರು 40 ಗಂಡು ಪತಂಗಗಳು ಮನೆಗೆ ನುಗ್ಗಿದವು. ಹೆಣ್ಣನ್ನು ಬಿಗಿಯಾದ ಡಬ್ಬಿಯಲ್ಲಿ ಮುಚ್ಚಿಟ್ಟರೆ ಒಂದೂ ಸುಳಿಯುತ್ತಿರಲಿಲ್ಲ. ಕೋಣೆಯಲ್ಲಿ ನುಸಿಗುಳಿಗೆಯ ಘಾಟು ತುಂಬಿಸಿದರೂ ಬರುವವು ಬಂದೇ ಬಂದವು. ಮನುಷ್ಯನ ಮೂಗಿಗೆ ಸಿಗದ ಆ ವಸ್ತು ಯಾವುದೆಂದು ಫಾಬ್ರ್ ಅವರಿಗೆ ಕೊನೆಗೂ ತಿಳಿಯಲಿಲ್ಲ.

ತಿಳಿಯಲು ಬೇಕಾಗಿದ್ದು ರಸಾಯನಶಾಸ್ತ್ರ, ಮತ್ತು ಕಲ್ಲಿನಂಥ ತಾಳ್ಮೆ. ಜರ್ಮನಿಯ ಅಡಾಲ್ಫ್ ಬುಟೆನಾಂಟ್ ಅವರಲ್ಲಿ ಎರಡೂ ಇದ್ದವು. ಸಾವಿರಾರು ಲೀಟರ್ ಮೂತ್ರದಿಂದ ಗಂಡಸರ ಹಾರ್ಮೋನನ್ನು ಚಿಟಿಕೆಯಷ್ಟು ಹೊರತೆಗೆದವರು ಅವರು. ಈ ಸಲ ಆರಿಸಿಕೊಂಡದ್ದು ರೇಷ್ಮೆ ಪತಂಗ. ಬೇಕಾದಷ್ಟು ಸಿಗುತ್ತದೆ ಎಂಬುದೇ ಕಾರಣ. ರಾಮನಗರದ ಕಡೆಯ ಬಿತ್ತನೆ ಕೋಠಿಗಳಲ್ಲಿ ದುಡಿಯುವವರು ದಿನವೂ ನೋಡುವ ದೃಶ್ಯವಿದೆ: ಹೆಣ್ಣಿನ ಸುಳಿವು ಸಿಕ್ಕೊಡನೆ ಹಾರಲಾರದ ಗಂಡು ರೆಕ್ಕೆ ಪಟಪಟಿಸುತ್ತಾ ಸುತ್ತತೊಡಗುತ್ತದೆ. ಆ ಪಟಪಟವೇ ಬುಟೆನಾಂಟರ ಅಳತೆಗೋಲು. ಸಾರವನ್ನು ಭಾಗ ಮಾಡುವುದು, ಗಂಡಿನ ಮುಂದೆ ಹಿಡಿಯುವುದು, ರೆಕ್ಕೆ ಆಡಿಸಿದ ಭಾಗವನ್ನು ಮತ್ತೆ ಒಡೆಯುವುದು. ಹೀಗೆ ಸುಮಾರು 20 ವರ್ಷ, ನಡುವೆ ಒಂದು ಮಹಾಯುದ್ಧ. ಐದು ಲಕ್ಷ ಹೆಣ್ಣು ಪತಂಗಗಳ ಗ್ರಂಥಿಗಳಿಂದ ದಕ್ಕಿದ್ದು ಕೆಲವೇ ಮಿಲಿಗ್ರಾಂ. 1959ರಲ್ಲಿ ಅದಕ್ಕೆ ಬಾಂಬಿಕಾಲ್ ಎಂದು ಹೆಸರಾಯಿತು. ಅದೇ ವರ್ಷ ಕಾರ್ಲ್‌ಸನ್ ಮತ್ತು ಲ್ಯೂಷರ್ ಇಂಥ ವಸ್ತುಗಳಿಗೆಲ್ಲ 'ಫೆರೊಮೋನ್' ಎಂಬ ಪದ ಕೊಟ್ಟರು.

ವಸ್ತುವನ್ನು ಬೇರ್ಪಡಿಸಬೇಕು, ಪ್ರಯೋಗಾಲಯದಲ್ಲಿ ತಯಾರಿಸಬೇಕು, ಅದೊಂದೇ ಅದೇ ವರ್ತನೆ ತರಿಸಬೇಕು. ಈ ಪರೀಕ್ಷೆಯನ್ನು ಆನೆಯೂ ಪಾಸು ಮಾಡಿದೆ. ಏಷ್ಯಾದ ಹೆಣ್ಣಾನೆ ಬೆದೆಗೆ ಬಂದಾಗ ಮೂತ್ರದಲ್ಲಿ ಬಿಡುವ ಸಂಕೇತವನ್ನು 1996ರಲ್ಲಿ ಗುರುತಿಸಿದರು. ತಮಾಷೆಯೆಂದರೆ, ಅದೇ ಅಣುವನ್ನು ನೂರಕ್ಕೂ ಹೆಚ್ಚು ಜಾತಿಯ ಪತಂಗಗಳೂ ಬಳಸುತ್ತವೆ.

ಮನುಷ್ಯನ ವಿಷಯದಲ್ಲಿ ಮಾತ್ರ ಬಾಟಲಿ ಮೊದಲು ಬಂತು, ಪುರಾವೆ ಬರಲಿಲ್ಲ. 1991ರಲ್ಲಿ ಪ್ಯಾರಿಸ್ಸಿನಲ್ಲಿ, ವ್ಯಾಪಾರದ ಆಸಕ್ತಿಯಿದ್ದ ಕಂಪನಿಯೊಂದರ ಹಣದಿಂದ ನಡೆದ ಸಮ್ಮೇಳನದಲ್ಲಿ ಎರಡು ಸ್ಟೆರಾಯ್ಡುಗಳನ್ನು ಮಾನವ ಫೆರೊಮೋನುಗಳೆಂದು ಮುಂದಿಡಲಾಯಿತು. ಅವನ್ನೇ ಏಕೆ ಆರಿಸಿದರು ಎಂಬುದಕ್ಕೆ ವಿವರಣೆಯಿರಲಿಲ್ಲ. ಆದರೂ ಅವುಗಳ ಮೇಲೆ ಹತ್ತಾರು ಪ್ರಬಂಧಗಳು ಬಂದವು. 2015ರಲ್ಲಿ ಆಕ್ಸ್‌ಫರ್ಡಿನ ಟ್ರಿಸ್ಟ್ರಾಮ್ ವ್ಯಾಟ್ ಈ ಕಥೆಯನ್ನು ಬುಡದಿಂದ ಬಿಡಿಸಿ ತೋರಿಸಿ, ಹುಡುಕಾಟವನ್ನು ಮೊದಲಿನಿಂದ ಶುರುಮಾಡಿ ಎಂದರು. ಎಲ್ಲಿಂದ? ಪ್ರೇಮಿಗಳಿಂದಲ್ಲ, ಹಸುಗೂಸುಗಳಿಂದ. ಹಾಲೂಡಿಸುವ ತಾಯಿಯ ಮೊಲೆತೊಟ್ಟಿನ ಸುತ್ತಲಿನ ಗ್ರಂಥಿಗಳ ದ್ರವವನ್ನು ಮೂಗಿನ ಬಳಿ ಹಿಡಿದರೆ ಮೂರು ದಿನದ ಶಿಶು ಬಾಯಿ ಆಡಿಸಿ ನಾಲಿಗೆ ಚಾಚುತ್ತದೆ, ಅದು ಬೇರೆ ತಾಯಿಯದಾದರೂ.