ಬಿಟ್ಟು ಬರೋಕೇನು ಕಷ್ಟ? (ಇತಿಹಾಸ ಸರಣಿ, ಭಾಗ 9)

"ಗಂಡ ಅಷ್ಟು ಹೊಡೀತಿದ್ರೆ ಬಿಟ್ಟು ಬರೋಕೇನು ಕಷ್ಟ?" ಈ ಪ್ರಶ್ನೆ ನೀವೂ ಕೇಳಿರ್ತೀರಿ. ಅದಕ್ಕೆ ಯಾರೂ ಊಹಿಸದ ಒಂದು ಉತ್ತರ ಇತ್ತು: ಮನೇಲಿರೋ ನಾಯಿ.

1971ರಲ್ಲಿ ಲಂಡನ್ನಿನ ಚಿಸ್ವಿಕ್‌ನಲ್ಲಿ ಎರಿನ್ ಪಿಜ್ಜಿ ಹೊಡೆತ ತಿಂದ ಹೆಂಗಸರಿಗೆ ಆಶ್ರಯಮನೆ ತೆರೆದರು. ಅಮೆರಿಕದಲ್ಲೂ ಇಂಥ ಮನೆಗಳು ಬಂದವು. ತಾಯಿ ಬರಬಹುದು, ಮಕ್ಕಳು ಬರಬಹುದು. ನಾಯಿ, ಬೆಕ್ಕು ತಂದ್ರೆ ಹೆಚ್ಚಿನ ಕಡೆ ಬಾಗಿಲು ಬಂದ್. ಅಲರ್ಜಿ, ಜಾಗ ಇಲ್ಲ... ಕಾರಣಗಳೇನೂ ಸುಳ್ಳಲ್ಲ ಬಿಡಿ.

ಆಮೇಲೆ ಯೂಟಾದ ಮನಃಶಾಸ್ತ್ರಜ್ಞ ಫ್ರ್ಯಾಂಕ್ ಆಸಿಯೋನ್ ಆಶ್ರಯಮನೆಯ 38 ಮಹಿಳೆಯರನ್ನ ಮಾತಾಡಿಸಿದರು. ಅಧ್ಯಯನ 1998ರಲ್ಲಿ ಪ್ರಕಟವಾಯ್ತು. ಪ್ರಾಣಿ ಸಾಕಿದವರಲ್ಲಿ 71% ಜನ ಹೇಳಿದ್ದು ಒಂದೇ: ಅವನು ಪ್ರಾಣಿಗೆ ಏನಾದ್ರೂ ಮಾಡ್ತೀನಿ ಅಂತ ಹೆದರಿಸಿದ್ದ, ಇಲ್ಲ ಮಾಡಿಯೇ ಬಿಟ್ಟಿದ್ದ. ಅದನ್ನ ಬಿಟ್ಟು ಬರಲಾಗದೆ ಹೊರಡೋದನ್ನೇ ತಡ ಮಾಡಿದವರಿದ್ರು. 38 ಅಂದ್ರೆ ಸಣ್ಣ ಸ್ಯಾಂಪಲ್, ನಮ್ಮ ಸ್ಟ್ಯಾಟಿಸ್ಟಿಕ್ಸ್ ಮೇಡಂ ಒಪ್ಪಲ್ಲ. ಆದ್ರೆ ಅದುವರೆಗೆ ಅವರನ್ನ ಕೇಳಿದವರೇ ಕಮ್ಮಿ.

ಕನ್ಸಾಸ್ ಸಿಟಿಯ ಹ್ಯಾಂಕ್ ಕಥೆ ಕೇಳಿ. ಹ್ಯಾಂಕ್ ಒಂದು ಗ್ರೇಟ್ ಡೇನ್ ನಾಯಿ. ಅವನು ಸುತ್ತಿಗೆ ಎತ್ತಿದಾಗ ಹ್ಯಾಂಕ್ ಅವಳ ಮೇಲೆ ಮಲಗಿಬಿಡ್ತು. ಏಟೆಲ್ಲ ಅದಕ್ಕೇ, ಮೂಳೆ ಮುರೀತು. ರೋಸ್ ಬ್ರೂಕ್ಸ್ ಸೆಂಟರ್‌ನವರು ನಾಯಿ ಬೇಡ ಅಂದ್ರು. ಹಾಗಾದ್ರೆ ನಾನೂ ಬರಲ್ಲ ಅಂದಳು. ಕೊನೆಗೆ ಅವರೇ ನಿಯಮ ಸಡಿಲಿಸಿದರು. ಅಷ್ಟಕ್ಕೇ ನಿಲ್ಲದೆ 2012ರಲ್ಲಿ ಆವರಣದಲ್ಲೇ ಪ್ರಾಣಿಗಳಿಗೂ ಜಾಗ ಕಟ್ಟಿಸಿದರು.

ಬ್ರಿಟನ್ನಿನಲ್ಲಿ ಬೇರೆ ದಾರಿ. ಡಾಗ್ಸ್ ಟ್ರಸ್ಟ್ 2004ರಿಂದ ಇಂಥವರ ನಾಯಿಗಳನ್ನ ಸ್ವಯಂಸೇವಕರ ಮನೇಲಿ ಇಡ್ತಿದೆ. ಎಲ್ಲಿ ಅನ್ನೋದು ಗುಟ್ಟು. ಅವಳಿಗೆ ಮನೆ ಸಿಕ್ಕ ಮೇಲೆ ನಾಯಿ ವಾಪಸ್.

ಕಾನೂನು ಮಾತ್ರ ನಿಧಾನ. ಅದರ ಲೆಕ್ಕದಲ್ಲಿ ನಾಯಿ ಅಂದ್ರೆ ಸೋಫಾ ತರ ಒಂದು ಅಸೆಟ್ (ಬಿಕಾಂನವರಿಗೆ ಬೇಗ ಅರ್ಥ ಆಗುತ್ತೆ). ರಕ್ಷಣಾ ಆದೇಶದಲ್ಲಿ ಸಾಕುಪ್ರಾಣಿಯನ್ನೂ ಸೇರಿಸಬಹುದು ಅಂತ ಅಮೆರಿಕದಲ್ಲಿ ಮೊದಲು ಹೇಳಿದ್ದು ಮೇನ್ ರಾಜ್ಯ, 2006ರಲ್ಲಿ. ಇಂಥ ಆಶ್ರಯಕ್ಕೆ ಕೇಂದ್ರದ ಅನುದಾನ ಕೊಡೋ 'ಪಾಸ್' ಕಾಯ್ದೆ ಬಂದಿದ್ದು 2018ರ ಡಿಸೆಂಬರ್‌ನಲ್ಲಿ, ಅದೂ ಕೃಷಿ ಮಸೂದೆಯ ಒಳಗೆ ಸೇರಿಕೊಂಡು!

ನಮ್ಮ ಕೌಟುಂಬಿಕ ಹಿಂಸಾಚಾರ ತಡೆ ಕಾಯ್ದೆ ಜಾರಿಗೆ ಬಂದಿದ್ದೂ 2006ರ ಅಕ್ಟೋಬರ್‌ನಲ್ಲೇ. ಅವಳಿಗೆ ಅದೇ ಮನೇಲಿ ಉಳಿಯೋ ಹಕ್ಕನ್ನ ಅದು ಕೊಡುತ್ತೆ. ಸಾಕುಪ್ರಾಣಿಯ ಹೆಸರೆತ್ತಲ್ಲ.

ಪಕ್ಕದ ಮನೆಯವರು ಯಾರಾದ್ರೂ ಹೊರಡೋಕೆ ಹಿಂದೆಮುಂದೆ ನೋಡ್ತಿದ್ರೆ ಮಹಿಳಾ ಸಹಾಯವಾಣಿ 181 ನಂಬರ್ ಕೊಡಿ. ಜೊತೆಗೆ, "ನಾಯಿನ ನಾನು ನೋಡ್ಕೋತೀನಿ, ನೀವು ಹೋಗಿ" ಅಂತಲೂ ಹೇಳಿ.