ಕಾರ್ಬ್ಯುರೇಟರ್ ಹಿಮಗಟ್ಟುವಿಕೆ

ಕಾರ್ಬ್ಯುರೇಟರ್ ಹಿಮಗಟ್ಟುವಿಕೆ ಎಂದರೆ ಪಿಸ್ಟನ್ ಎಂಜಿನ್ನಿನ ವಿಮಾನಗಳಲ್ಲಿ, ಒಳಸೇರುವ ಗಾಳಿಯ ತೇವಾಂಶವು ಕಾರ್ಬ್ಯುರೇಟರಿನೊಳಗೆ ಹೆಪ್ಪುಗಟ್ಟಿ ಗಾಳಿಯ ದಾರಿಯನ್ನು ಕಿರಿದಾಗಿಸುವ ವಿದ್ಯಮಾನ. ಇದರಿಂದ ಎಂಜಿನ್ನಿನ ಶಕ್ತಿ ಕುಂದುತ್ತದೆ. ಕೆಲವೊಮ್ಮೆ ಹಾರಾಟದ ನಡುವೆಯೇ ಎಂಜಿನ್ ನಿಂತುಹೋಗುತ್ತದೆ. ಹಿಮ ಬೀಳದ ನಾಡಿನಲ್ಲಿ ಇದರ ಭಯವಿಲ್ಲವೆಂಬ ಭಾವನೆ ತಪ್ಪು.

ಕಾರಣ

ಕಾರ್ಬ್ಯುರೇಟರಿನ ಕಿರಿದಾದ ಭಾಗವಾದ ವೆಂಚುರಿಯಲ್ಲಿ ಗಾಳಿಯ ವೇಗ ಹೆಚ್ಚಿ, ಒತ್ತಡವೂ ಉಷ್ಣತೆಯೂ ಇಳಿಯುತ್ತವೆ. ಅಲ್ಲಿಯೇ ಪೆಟ್ರೋಲು ಆವಿಯಾಗುತ್ತ ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತದೆ. ತಂಪಾಗುವುದಕ್ಕೆ ಮುಖ್ಯ ಕಾರಣ ಇದೇ. ಬೇಸಿಗೆಯಲ್ಲಿ ಮಣ್ಣಿನ ಮಡಕೆಯ ನೀರು ತಣ್ಣಗಾಗುವುದೂ ಹೀಗೆಯೇ. ಇವೆರಡೂ ಸೇರಿ ಉಷ್ಣತೆಯನ್ನು 30 ಡಿಗ್ರಿ ಸೆಲ್ಸಿಯಸ್‌ಗಿಂತಲೂ ಹೆಚ್ಚು ಇಳಿಸಬಲ್ಲವು.

ಹೊರಗಿನ ಉಷ್ಣತೆ 21 ಡಿಗ್ರಿಗಿಂತ ಕಡಿಮೆ ಇದ್ದು, ಸಾಪೇಕ್ಷ ಆರ್ದ್ರತೆ ಶೇಕಡಾ 80ನ್ನು ಮೀರಿದಾಗ ಹಿಮಗಟ್ಟುವ ಸಂಭವ ಅತ್ಯಧಿಕ. ಆದರೆ 38 ಡಿಗ್ರಿ ಸೆಕೆಯಲ್ಲಿ, ಶೇಕಡಾ 50ರಷ್ಟು ಆರ್ದ್ರತೆಯಲ್ಲಿಯೂ ಇದು ಉಂಟಾಗಬಹುದು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನ ಮಳೆಗಾಲದ ಮುಂಜಾವು ಇದಕ್ಕೆ ತಕ್ಕ ಹವೆ. ಅದೇ ನಗರದ ಹಿಂದೂಸ್ಥಾನ್ ಏರೋನಾಟಿಕ್ಸ್ ಸಂಸ್ಥೆ ತಯಾರಿಸಿ, ದೇಶದ ಫ್ಲೈಯಿಂಗ್ ಕ್ಲಬ್ಬುಗಳು ತರಬೇತಿಗೆ ಬಳಸಿದ ಪುಷ್ಪಕ್ ವಿಮಾನದಲ್ಲಿ (ಮೊದಲ ಹಾರಾಟ 1958) ಇದ್ದುದು ಕಾರ್ಬ್ಯುರೇಟರ್ ಹೊಂದಿದ 90 ಅಶ್ವಶಕ್ತಿಯ ಕಾಂಟಿನೆಂಟಲ್ ಎಂಜಿನ್.

ಇಳಿಯುವಾಗ ಅಪಾಯ ಇನ್ನೂ ಹೆಚ್ಚು. ಆಗ ಥ್ರಾಟಲ್ ಬಹುಪಾಲು ಮುಚ್ಚಿದ್ದು, ಅದರ ತಟ್ಟೆಯ ಅಂಚಿನಲ್ಲಿ ಹಿಮ ಬೇಗ ಕೂಡುತ್ತದೆ. ಎಂಜಿನ್ ಕಡಿಮೆ ಶಕ್ತಿಯಲ್ಲಿ ಓಡುತ್ತಿರುವುದರಿಂದ ಪೈಲಟ್‌ಗೆ ಇದು ಗೊತ್ತಾಗದಿರಬಹುದು.

ಲಕ್ಷಣ ಮತ್ತು ಪರಿಹಾರ

ಸ್ಥಿರಕೋನದ ಪ್ರೊಪೆಲ್ಲರ್ ಉಳ್ಳ ವಿಮಾನದಲ್ಲಿ ಮೊದಲ ಸೂಚನೆ ಎಂಜಿನ್ನಿನ ಸುತ್ತುವೇಗ ಮೆಲ್ಲನೆ ಇಳಿಯುವುದು; ಅನಂತರ ಎಂಜಿನ್ ನಡುಗತೊಡಗುತ್ತದೆ. ಆಗ ಪೈಲಟ್ 'ಕಾರ್ಬ್ಯುರೇಟರ್ ಹೀಟ್' ಗುಂಡಿಯನ್ನು ಪೂರ್ತಿ ಎಳೆದು, ಎಕ್ಸಾಸ್ಟ್ ಕೊಳವೆಯ ಸುತ್ತ ಕಾದ ಗಾಳಿಯನ್ನು ಒಳಬಿಡುತ್ತಾನೆ.

ಹೊಸಬರು ಎಡವುವುದು ಇಲ್ಲಿಯೇ. ಬಿಸಿಗಾಳಿಯ ಸಾಂದ್ರತೆ ಕಡಿಮೆಯಾದ್ದರಿಂದ ಸುತ್ತುವೇಗ ಮತ್ತಷ್ಟು ಇಳಿಯುತ್ತದೆ; ಕರಗಿದ ನೀರು ಸಿಲಿಂಡರಿಗೆ ನುಗ್ಗಿ ನಡುಕ ಹೆಚ್ಚುತ್ತದೆ. ಗಾಬರಿಯಿಂದ ಗುಂಡಿಯನ್ನು ಹಿಂದಕ್ಕೆ ತಳ್ಳಿದರೆ ಹಿಮ ಉಳಿದುಬಿಡುತ್ತದೆ. ತಾಳಿಕೊಂಡರೆ ಹಿಮ ಕರಗಿದಂತೆ ಸುತ್ತುವೇಗ ತಾನಾಗಿ ಏರುತ್ತದೆ. ತಡಮಾಡುವುದೂ ಸಲ್ಲದು, ಏಕೆಂದರೆ ಎಂಜಿನ್ ನಿಂತರೆ ಎಕ್ಸಾಸ್ಟ್ ತಣ್ಣಗಾಗಿ ಬಿಸಿಗಾಳಿಯೇ ದೊರೆಯದು. ನೆಲದ ಮೇಲೆ ಮಾತ್ರ ಇದನ್ನು ಹೆಚ್ಚು ಹೊತ್ತು ಬಳಸುವುದಿಲ್ಲ. ಬಿಸಿಗಾಳಿ ಸಾಮಾನ್ಯವಾಗಿ ಶೋಧಕದ ಮೂಲಕ ಹಾಯದ ಕಾರಣ ಧೂಳು ಎಂಜಿನ್ನಿಗೆ ಸೇರುತ್ತದೆ.

ಇಂಧನವನ್ನು ನೇರವಾಗಿ ಸಿಂಪಡಿಸುವ ಫ್ಯುಯೆಲ್ ಇಂಜೆಕ್ಷನ್ ಎಂಜಿನ್ನುಗಳಲ್ಲಿ ಕಾರ್ಬ್ಯುರೇಟರ್ ಇರುವುದಿಲ್ಲ. 1996ರಿಂದ ತಯಾರಾದ ಸೆಸ್ನಾ 172 ವಿಮಾನಗಳಲ್ಲಿ ಈ ವ್ಯವಸ್ಥೆಯಿದೆ. ಆದರೂ ಮೋಡದಲ್ಲಿ ಹಾರುವಾಗ ಗಾಳಿಯ ಪ್ರವೇಶದ್ವಾರದಲ್ಲಿ ಹಿಮ ಕಟ್ಟಿಕೊಳ್ಳುವುದು ಇವುಗಳಿಗೂ ತಪ್ಪಿದ್ದಲ್ಲ.