ಶಾವೊಲಿನ್ನಿನ ಬಾಳ್ಗಳ್ಚು: ಒಂದು ಚಲನಚಿತ್ರ, ಒಂದು ಶಿಲಾಶಾಸನ

ಸ್ಯಾನ್ ಫ್ರಾನ್ಸಿಸ್ಕೋದ ಚೈನಾಟೌನಿನಲ್ಲಿ, ಜಾಕ್ಸನ್ ಬೀದಿಯಲ್ಲಿ, ಗ್ರೇಟ್ ಸ್ಟಾರ್ ಎಂಬ ರಂಗಮಂದಿರವಿದೆ. 1925ರಲ್ಲಿ ಕ್ಯಾಂಟನೀಸ್ ಸಂಗೀತ ನಾಟಕಗಳಿಗಾಗಿ ಎದ್ದ ಈ ಕಟ್ಟಡ ಮುಂದೆ ಹಾಂಗ್‌ಕಾಂಗಿನ ಕುಂಗ್‌ಫು ಚಿತ್ರಗಳನ್ನೂ ತೋರಿಸಿತು. ಕಂಪನಿ ನಾಟಕದ ಥಿಯೇಟರುಗಳು ಟಾಕೀಸುಗಳಾದದ್ದನ್ನು ಬಲ್ಲ ನಮಗೆ ಇದು ಹೊಸತಲ್ಲ. ಬ್ರೂಸ್ ಲೀ 1940ರಲ್ಲಿ ಇದೇ ಚೈನಾಟೌನಿನ ಆಸ್ಪತ್ರೆಯಲ್ಲಿ ಹುಟ್ಟಿದಾಗ ಅವನ ತಂದೆ ನಾಟಕ ಮಂಡಳಿಯೊಡನೆ ಅಮೆರಿಕದ ಪ್ರವಾಸದಲ್ಲಿದ್ದ. ರಂಗದ ಮೇಲಿನ ರಾಜ, ದಳಪತಿ, ಸನ್ಯಾಸಿಗಳೇ ತೆರೆಗೆ ದಾಟಿಬಂದರು. 1982ರ ‘ಶಾವೊಲಿನ್ ಟೆಂಪಲ್’ ಚಿತ್ರವನ್ನು ಈ ಪರಂಪರೆಯೊಳಗಿಟ್ಟೇ ನೋಡಬೇಕು.

ಚಾಂಗ್ ಸಿನ್‌ಯೆನ್ ನಿರ್ದೇಶಿಸಿದ, ಜೆಟ್ ಲೀಯನ್ನು ತಾರೆಯಾಗಿಸಿದ ಈ ಚಿತ್ರದ ಕಥೆ ಸೇಡಿನದು. ತಂದೆಯನ್ನು ಕಳೆದುಕೊಂಡ ಯುವಕ ಮಠ ಸೇರುತ್ತಾನೆ, ಕೋಲುವರಸೆ ಕಲಿಯುತ್ತಾನೆ, ತಾಂಗ್ ವಂಶದ ರಾಜಕುಮಾರ ಲಿ ಷಿಮಿನ್‌ನನ್ನು ಕಾಪಾಡುತ್ತಾನೆ, ಕೊನೆಗೆ ತಂದೆಯ ಹಂತಕ ವಾಂಗ್ ರೆನ್‌ಜೆಯನ್ನು ಕೊಲ್ಲುತ್ತಾನೆ. ಕೊಲ್ಲೆನೆಂಬ ವ್ರತಕ್ಕೂ ಕೈಯಲ್ಲಿರುವ ಕೋಲಿಗೂ ನಡುವಿನ ತೊಳಲಾಟವೇ ಚಿತ್ರದ ಜೀವ.

ಚೀನಾದ ಶಾವೊಲಿನ್ ಬೌದ್ಧ ಮಠದಲ್ಲಿ 728ರಲ್ಲಿ ನಿಲ್ಲಿಸಿದ ಕಲ್ಲು ಬೇರೆಯದನ್ನೇ ಹೇಳುತ್ತದೆ. ಇಂಥ ಕಲ್ಲುಗಳನ್ನು ಓದುವ ಬಗೆಯನ್ನು ತಿಳಿಯಲು ಬರ್ಕ್ಲಿಯ ಪೂರ್ವ ಏಷ್ಯಾ ಗ್ರಂಥಾಲಯ ಒಳ್ಳೆಯ ಜಾಗ; ಚೀನೀ ಶಾಸನಗಳ ಪಡಿಯಚ್ಚುಗಳ ದೊಡ್ಡ ಸಂಗ್ರಹ ಅಲ್ಲಿದೆ. ಒದ್ದೆ ಕಾಗದವನ್ನು ಕಲ್ಲಿಗೆ ಒತ್ತಿ ಕೂರಿಸಿ, ಮಸಿಯದ್ದಿದ ಬಟ್ಟೆಯ ಗುಂಡಿನಿಂದ ಮೆಲ್ಲನೆ ತಟ್ಟಿದರೆ ಅಕ್ಷರ ಬೆಳ್ಳಗೆ, ಸುತ್ತಲಿನ ನೆಲ ಕಪ್ಪಗೆ ಮೂಡುತ್ತದೆ. ನಮ್ಮ ಶಾಸನತಜ್ಞರು ಹೊಲ, ಕೆರೆಯಂಗಳಗಳಲ್ಲಿ ಕೂತು ಮಾಡಿದ ಕೆಲಸವೂ ಇದೇ.

ಕಲ್ಲಿನ ಪ್ರಕಾರ ಜಗಳದ ಬೇರು ಜಮೀನು. ಸುಯ್ ವಂಶದ ಅರಸು ಮಠಕ್ಕೆ ಬಿಟ್ಟಿದ್ದ ಬಾಯ್‌ಗು ಕಣಿವೆಯ ಭೂಮಿಯನ್ನು ಲಿ ಷಿಮಿನ್‌ನ ಎದುರಾಳಿ ವಾಂಗ್ ಷಿಚೊಂಗ್ ಆಕ್ರಮಿಸಿ ಸೋದರನ ಮಗ ರೆನ್‌ಜೆಯನ್ನು ಅಲ್ಲಿ ಕಾವಲಿಟ್ಟ. 621ರಲ್ಲಿ ಸನ್ಯಾಸಿಗಳು ರೆನ್‌ಜೆಯನ್ನು ಸೆರೆಹಿಡಿದು ಲಿ ಷಿಮಿನ್ ಕಡೆಗೆ ಒಪ್ಪಿಸಿದರು. ಹದಿಮೂರು ಮಂದಿಯ ಹೆಸರು ಕಲ್ಲಿನಲ್ಲಿದೆ. ಅವರಲ್ಲಿ ತಾನ್‌ಜೊಂಗ್ ಎಂಬವನಿಗೆ ಮಹಾದಂಡನಾಯಕ ಪದವಿ. ಮಠಕ್ಕೆ ದಕ್ಕಿದ್ದು 40 ಚಿಂಗ್ (ಚೀನೀ ಭೂಅಳತೆ) ಭೂಮಿ, ಒಂದು ನೀರಿನ ಗಿರಣಿ. ಕೋಲಿನ ಮಾತೇ ಇಲ್ಲ. ಶಾವೊಲಿನ್ ಕೋಲಿನ ಖ್ಯಾತಿ ಮಿಂಗ್ ಕಾಲದ ಬರಹಗಳಲ್ಲಿ, ಸುಮಾರು ಒಂಬೈನೂರು ವರ್ಷಗಳ ಬಳಿಕ ಕಾಣಿಸುತ್ತದೆ.

ಕನ್ನಡ ಶಾಸನ ಓದಿದವರಿಗೆ ಈ ಕಲ್ಲು ಕೂಡಲೇ ಪರಿಚಿತವೆನಿಸುತ್ತದೆ. ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನ, ಸುಮಾರು 450ರದು, ಕಾಳಗದಲ್ಲಿ ಮೆರೆದ ವಿಜ ಅರಸನಿಗೆ ಎರಡು ಊರುಗಳನ್ನು ‘ಬಾಳ್ಗಳ್ಚು’ ಎಂದು ಬಿಟ್ಟುಕೊಟ್ಟ ದಾಖಲೆ. ಕತ್ತಿ ತೊಳೆದದ್ದಕ್ಕೆ ಸಂದ ಕೊಡುಗೆ. ಶಾವೊಲಿನ್ ಕಲ್ಲನ್ನೂ ಬಾಳ್ಗಳ್ಚು ಎಂದೇ ಓದಬೇಕೆಂಬುದು ನನ್ನ ವಾದ. ವ್ಯತ್ಯಾಸ ಒಂದೇ, ಆದರೆ ದೊಡ್ಡದು: ಇಲ್ಲಿ ಕತ್ತಿ ತೊಳೆದವನು ಅರಸುಮಗ, ಅಲ್ಲಿ ಅಹಿಂಸೆಯ ದೀಕ್ಷೆ ತೊಟ್ಟ ಸಂಘ. ಕಲ್ಲು ಆ ದೀಕ್ಷೆಯ ಬಗ್ಗೆ ತೊಳಲಾಡುವುದಿಲ್ಲ, ಜಮೀನಿನ ಹಕ್ಕನ್ನಷ್ಟೇ ಭದ್ರಪಡಿಸುತ್ತದೆ. ಕಲ್ಲು ಬಿಟ್ಟ ಆ ಜಾಗದಲ್ಲೇ ಚಿತ್ರ ತನ್ನ ಕಥೆ ಕಟ್ಟಿಕೊಂಡಿತು, ಮತ್ತು ಅದು ಸರಿಯಾದ ಜಾಗವನ್ನೇ ಹುಡುಕಿತು.

ಲಿ ಷಿಮಿನ್‌ಗೆ ನಮ್ಮ ನಾಡಿನೊಂದಿಗೂ ಒಂದು ಎಳೆಯಿದೆ. 626ರಲ್ಲಿ ಅಣ್ಣತಮ್ಮಂದಿರನ್ನು ಕೊಂದು ಪಟ್ಟವೇರಿದ ಈತನ ಆಜ್ಞೆಯಂತೆಯೇ, ಭಾರತಯಾತ್ರೆ ಮಾಡಿ ಬಂದ ಬೌದ್ಧ ಸನ್ಯಾಸಿ ಹ್ಯೂಯೆನ್‌ತ್ಸಾಂಗ್ 646ರಲ್ಲಿ ತನ್ನ ಪ್ರವಾಸಕಥನ ಮುಗಿಸಿದ. ಇಮ್ಮಡಿ ಪುಲಕೇಶಿಯ ಯೋಧರು ಮದ್ಯ ಕುಡಿದು, ಆನೆಗಳಿಗೂ ಕುಡಿಸಿ ಕಾಳಗಕ್ಕಿಳಿಯುತ್ತಿದ್ದರೆಂದೂ ಸೋತ ದಂಡನಾಯಕನಿಗೆ ಹೆಣ್ಣುಡುಗೆ ಕೊಡುತ್ತಿದ್ದರೆಂದೂ ಅದರಲ್ಲಿದೆ. ತಂದ ಗ್ರಂಥಗಳನ್ನು ಶಾವೊಲಿನ್ನಿನಲ್ಲಿ ಕೂತು ಅನುವಾದಿಸಲು ಆ ಯಾತ್ರಿಕ 645ರಲ್ಲಿ ಅರಸನ ಅಪ್ಪಣೆ ಬೇಡಿದ. ಕಾದಿದ ಸನ್ಯಾಸಿಗಳಿಗೆ ಭೂಮಿಯಿತ್ತ ಅರಸು ಈ ಸನ್ಯಾಸಿಯನ್ನು ಅಲ್ಲಿಗೆ ಹೋಗಗೊಡಲಿಲ್ಲ, ರಾಜಧಾನಿಯಲ್ಲೇ ಉಳಿಸಿಕೊಂಡ.